ಎಸ್‌ಎಸ್‌ಡಿ ಡಬ್ಬಿ ಮೇಲೆ ಎಷ್ಟು ವ್ಯಾಟ್ ಕರೆಂಟು ಎಂದು ಬರೆಯಲಿ

ಮಾನ್ಯರೇ,

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಬಿಸಿಲು ಏರಿತೆಂದರೆ ಒಂದು ದೂರು ತಪ್ಪದೆ ಬರುತ್ತದೆ: ‘ಹೊಸ ಎಸ್‌ಎಸ್‌ಡಿ ಹಾಕಿಸಿದೀನಿ, ಆದ್ರೂ ತೆವಳ್ತಾ ಇದೆ.’ ಎಸ್‌ಎಸ್‌ಡಿ ಎಂದರೆ ಹಾರ್ಡ್‌ಡಿಸ್ಕ್ ಬದಲಿಗೆ ಹಾಕುವ, ಫೈಲ್‌ಗಳನ್ನು ಚಿಪ್ಪುಗಳಲ್ಲಿ ಉಳಿಸುವ ಭಾಗ.

ಕಳೆದ ಮೇ ತಿಂಗಳಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಹುಡುಗನೊಬ್ಬ ತನ್ನ ಸಿಪಿಯು ಹೊತ್ತು ತಂದ. ಫೈಲ್ ಕಾಪಿಗೆ ಹಾಕಿದರೆ ಮೊದಲು ಸರಸರ ಓಡುತ್ತದೆ, ಆಮೇಲೆ ಕುಂಟುತ್ತದೆ. ಕ್ಯಾಶ್, ಅಂದರೆ ಎಸ್‌ಎಸ್‌ಡಿ ಒಳಗಿನ ವೇಗದ ತಾತ್ಕಾಲಿಕ ಜಾಗ, ತುಂಬಿದಾಗಲೂ ವೇಗ ಇಳಿಯುವುದುಂಟು. ಇದು ಹಾಗಲ್ಲ. ಡಿಸ್ಕಿನ ಬಿಸಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಸಾಫ್ಟ್‌ವೇರ್ ತೆರೆದು ನೋಡಿದರೆ ಬಿಸಿ 84 ಡಿಗ್ರಿ! ಸ್ಕ್ರೂ ಬಿಚ್ಚಿದೆ. ಬಿಸಿ ಹೀರುವ ಲೋಹದ ತಟ್ಟೆ, ಅಂದರೆ ಹೀಟ್‌ಸಿಂಕ್, ಏನೋ ಇತ್ತು. ಆದರೆ ಅದರಡಿಯ, ಬಿಸಿಯನ್ನು ತಟ್ಟೆಗೆ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡಿಗೆ ಅಂಟಿದ್ದ ನೀಲಿ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಕಿತ್ತೇ ಇರಲಿಲ್ಲ. ಕಿತ್ತು, ಧೂಳು ಒರೆಸಿ, ಮತ್ತೆ ಕೂರಿಸಿ ಅದೇ ಫೈಲ್ ಕಾಪಿ ಮಾಡಿದೆ. 66 ಡಿಗ್ರಿ ದಾಟಲಿಲ್ಲ. ಎರಡು ತಿಂಗಳು ಆ ಹುಡುಗ ರಾತ್ರಿಯೆಲ್ಲ ಕಾದು ಕೂತಿದ್ದು ಒಂದು ಹಾಳೆಯ ದೆಸೆಯಿಂದ. ನನಗೆ ನಿಜಕ್ಕೂ ಸಂಕಟವಾಯಿತು.

ಒಳಗೆ ತಿರುಗುವ ಭಾಗ ಇಲ್ಲ, ಹಾಗಾಗಿ ಬಿಸಿಯೂ ಆಗಲ್ಲ ಎಂದು ಬಹಳ ಜನ ನಂಬಿದ್ದಾರೆ. ಹಳೆ ಬಗೆಯ, ವೇಗ ಕಡಿಮೆಯ ಸಾಟಾ ಎಸ್‌ಎಸ್‌ಡಿ ಮಟ್ಟಿಗೆ ಅದು ಹೆಚ್ಚುಕಮ್ಮಿ ಸರಿ. ಅದು ಕೆಲಸ ಮಾಡುವಾಗ ಎಳೆಯುವುದು ಎರಡು ಮೂರು ವ್ಯಾಟ್. ಅದಕ್ಕಿಂತ ಬಹಳ ವೇಗದ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ, ಅದರಲ್ಲೂ ನಾಲ್ಕನೇ ತಲೆಮಾರಿನ ಜೆನ್ 4, ಹಾಗಲ್ಲ. ಸುಮ್ನೆ ಇದ್ದಾಗ ತಣ್ಣಗಿರುತ್ತದೆ, ಒಂದೇ ಸಮ ಫೈಲ್ ಬರೆಯಲು ಹಚ್ಚಿದರೆ ಏಳೆಂಟು ವ್ಯಾಟ್‌ವರೆಗೂ ಹೋಗುತ್ತದೆ. ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬಿನ ಬುಡ ಮುಟ್ಟಿ ನೋಡಿ. ಹತ್ತಿರ ಹತ್ತಿರ ಅಷ್ಟು ಕರೆಂಟು 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಪಟ್ಟಿಯಲ್ಲಿ, ಅದರಲ್ಲೂ ಬಹುಪಾಲು ಕಂಟ್ರೋಲರ್ ಎಂಬ ಒಂದೇ ಚಿಪ್ಪಿನಲ್ಲಿ ಬಿಸಿಯಾಗುತ್ತದೆ. ಆ ಪಟ್ಟಿ ಕೂರುವ ಜಾಗವೂ ಎಷ್ಟೋ ಸಲ ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲೇ. ಹೊರಗೆ ಬಿಸಿಲು 42. ಸಾಮಾನ್ಯವಾಗಿ ಕಂಪನಿಗಳು ಹೇಳುವ ಮಿತಿ 70 ಡಿಗ್ರಿ. ಅದನ್ನು ಮೀರಿ ಬಿಸಿ ಏರುತ್ತಾ ಹೋದರೆ ಎಸ್‌ಎಸ್‌ಡಿ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ.

ಡಬ್ಬಿಯ ಮೇಲೆ ಸೆಕೆಂಡಿಗೆ 7000 ಎಂಬಿ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ವ್ಯಾಟ್ ಕಾಣುವುದಿಲ್ಲ. ಕೆಲವದರ ಲೇಬಲ್ಲಿನಲ್ಲಿ 3.3 ವೋಲ್ಟ್, 2.5 ಆಂಪ್ ಎಂದು ಸಣ್ಣಕ್ಷರದಲ್ಲಿರುತ್ತದೆ. ಗುಣಿಸಿದರೆ ಎಂಟು ವ್ಯಾಟ್ ದಾಟುತ್ತದೆ. ಹೀಟ್‌ಸಿಂಕ್ ಕೂತ ಮೇಲೆ ಆ ಲೇಬಲ್ಲೂ ಮುಚ್ಚಿಹೋಗುತ್ತದೆ. ಫ್ರಿಜ್, ಎಸಿ ಕೊಳ್ಳುವಾಗ ಎಷ್ಟು ಕರೆಂಟು ಎಂದು ಎದುರಿಗೇ ಬರೆದಿರುತ್ತದೆ, ಅಲ್ವಾ? ಇಲ್ಲೂ ಹಾಗೆ ಬರೆಯಲಿ. ಗರಿಷ್ಠ ಎಷ್ಟು ವ್ಯಾಟ್, ಎಷ್ಟು ಡಿಗ್ರಿವರೆಗೆ ತಾಳುತ್ತದೆ, ಹೀಟ್‌ಸಿಂಕ್ ಬೇಕೋ ಬೇಡವೋ, ಇಷ್ಟು ಸಾಕು. ಹಾಳೆ ಕೀಳಬೇಕೆಂಬ ಸೂಚನೆ ಕನ್ನಡದಲ್ಲೂ ಇರಲಿ.

ಮಾರುವವರೂ ಬರೀ ವೇಗ ಹೇಳಿ ಕೊಡಬಾರದು. ಟ್ಯಾಲಿ, ಟೈಪಿಂಗ್, ಮಕ್ಕಳ ಪಾಠಕ್ಕೆ ಹಿಂದಿನ ತಲೆಮಾರಿನ ಜೆನ್ 3 ಧಾರಾಳ ಸಾಕು. ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ: ಎಸ್‌ಎಸ್‌ಡಿ ಹಾಕಿಸಿದ ದಿನವೇ ಅಂಗಡಿಯಲ್ಲಿ ದೊಡ್ಡದೊಂದು ಫೈಲ್ ಕಾಪಿಗೆ ಹಾಕಿಸಿ, ಬಿಸಿ ಎಷ್ಟಿದೆ ತೋರಿಸಿ ಎಂದು ಕೇಳಿ. ಹತ್ತು ನಿಮಿಷದ ಕೆಲಸ.

– ಕಂಪ್ಯೂಟರ್ ರಿಪೇರಿಯವ, ಕಲಬುರಗಿ