ನಮ್ಮ ಶಾಸಕನ ಬದುಕನ್ನು ತಿದ್ದಿಕೊಟ್ಟವರಿಗೆ

ಎಲ್ಲೂ ಇಲ್ಲದ ಮನುಷ್ಯನೊಬ್ಬನ ಬದುಕನ್ನು ಕೊನೆಗೂ ಬರೆದು ಮುಗಿಸಿದ್ದೇವೆ. ಸಾಗರ ತಾಲ್ಲೂಕಿನ ಗೇಣಿ ಒಕ್ಕಲಿನ ಮನೆಯಲ್ಲಿ ಹುಟ್ಟಿ, ಸಮಾಜವಾದಿ ಶಾಸಕನಾಗಿ, 1969ರಲ್ಲಿ ವಿಧಾನಸಭೆಯನ್ನೇ ಬಿಟ್ಟು ಭೂಗತನಾದವನ ಬದುಕು ಅದು. ಅವನು ಕಲ್ಪನೆ. ಅವನ ಸುತ್ತಲಿನ ಕಾನೂನು, ಚುನಾವಣೆ, ಬತ್ತ ಅಳೆಯುವ ಕೊಳಗ, ಜಮೀನಿನ ಪಹಣಿ ಯಾವುದೂ ಕಲ್ಪನೆಯಲ್ಲ. ಅಲ್ಲಿ ತಪ್ಪಿದ್ದನ್ನೆಲ್ಲ ಕರಡು ಓದಿ ತಿದ್ದಿದವರು ನೀವು. ಈ ಬರಹ ನಿಮಗಾಗಿ.

ಮೊದಲ ವಂದನೆ ಮತಗಟ್ಟೆಯಲ್ಲಿ ಕೆಲಸ ಮಾಡಿದ್ದ ಮೇಷ್ಟ್ರಿಗೆ. ಕರಡಿನಲ್ಲಿ ಅವನ ಹುಟ್ಟು 1934, ಮೊದಲ ಸ್ಪರ್ಧೆ 1957. ಅಂದರೆ 23 ವರ್ಷ. ಸಂವಿಧಾನದ 173ನೇ ವಿಧಿ 25 ಕೇಳುತ್ತದೆ. ಹುಟ್ಟನ್ನು 1931ಕ್ಕೆ ತಂದಾಗ ಇನ್ನೊಂದು ಸಂಗತಿ ತಾನಾಗಿ ಬಂತು: ಆಗ ಮತದಾನದ ವಯಸ್ಸು 21 (18 ಆದದ್ದು 1989ರಲ್ಲಿ), ಹಾಗಾಗಿ 1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಊರೂರು ತಿರುಗಿ ಪ್ರಚಾರ ಮಾಡಿದ ಹುಡುಗನಿಗೆ ಸ್ವತಃ ಮತವಿರಲಿಲ್ಲ. ಇದು ನಮಗೆ ಬಹಳ ಹಿಡಿಸಿತು. 1957ರ ಮತದಾನದ ದೃಶ್ಯದಲ್ಲಿ ಠಸ್ಸೆ ಒತ್ತಿಸಿದ್ದೆವು, ಅದೂ ತಪ್ಪು. ಆಗ ಅಭ್ಯರ್ಥಿಗೊಂದು ಪೆಟ್ಟಿಗೆ, ಮೇಲೆ ಅವನ ಚಿಹ್ನೆ. ಮತದಾರ ಗುರುತೇನೂ ಹಾಕದ ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿ ಬರುತ್ತಿದ್ದ. ಚೀಟಿಯ ಮೇಲೆ ಗುರುತು ಒತ್ತುವುದು, ಬೆರಳಿಗೆ ಮೈಸೂರಿನ ಶಾಯಿ, ಎರಡೂ 1962ರ ಚುನಾವಣೆಗೆ ಸೇರಿದವು. 1957ರಲ್ಲಿ ಠೇವಣಿ 250 ರೂಪಾಯಿ. ಅದು ಉಳಿಯಬೇಕಾದರೆ ಸಿಂಧು (ಕ್ರಮಬದ್ಧ) ಮತಗಳ ಆರನೇ ಒಂದನ್ನು ಮೀರಬೇಕು. ನಮ್ಮವನ ಕ್ಷೇತ್ರದಲ್ಲಿ 31,200 ಸಿಂಧು ಮತ, ಅವನಿಗೆ ಬಿದ್ದದ್ದು 5,100. ನೂರೊಂದು ಮತಕ್ಕೆ ಠೇವಣಿ ಹೋಯಿತು.

ಕಾಗೋಡಿನ ಅಧ್ಯಾಯವನ್ನು ಉಳಿಸಿದವರು ಆ ಕಡೆಯ ಹಿರಿಯ ರೈತರು. ಸಾಗರ ತಾಲ್ಲೂಕಿನ ಆ ಊರಿನಲ್ಲಿ ಗೇಣಿ ಒಕ್ಕಲುಗಳು ಒಡೆಯರ ವಿರುದ್ಧ ನಡೆಸಿದ 1951ರ ಸತ್ಯಾಗ್ರಹಕ್ಕೆ ಬೆನ್ನೆಲುಬಾದದ್ದು ಸಮಾಜವಾದಿಗಳು; ಕಮ್ಯುನಿಸ್ಟರೆಂದು ಬರೆದಿದ್ದೆವು. ಜಗಳದ ಬೇರು ಅಳತೆಯಲ್ಲಿತ್ತು ಎಂಬುದನ್ನೂ ಅವರೇ ಬಿಡಿಸಿ ಹೇಳಿದರು. ಗೇಣಿ ಅಳೆಯುವ ಕೊಳಗ ಹತ್ತನೇ ಒಂದು ಪಾಲು ದೊಡ್ಡದಿದ್ದರೂ ಸಾಕು, ನೂರು ಕೊಳಗದ ಮಾತಿಗೆ ನೂರಹತ್ತು ಕೊಳಗ ಬತ್ತ ಹೋಗುತ್ತದೆ. ಲೆಕ್ಕದಲ್ಲಿ ಗೇಣಿ ಏರಿದ್ದು ಕಾಣುವುದೇ ಇಲ್ಲ. ಆ ವರ್ಷದ ಊರಿನಲ್ಲಿ ಗ್ರಾಮ ಲೆಕ್ಕಿಗನನ್ನು ಕೂರಿಸಿದ್ದೆವು, ಆಗಿನ್ನೂ ವಂಶಪಾರಂಪರ್ಯವಾಗಿ ಊರ ಲೆಕ್ಕ ಬರೆಯುತ್ತಿದ್ದ ಶಾನುಭೋಗರೆಂದು ತಿದ್ದಿದ್ದೇವೆ.

ಎಲ್ಲಕ್ಕಿಂತ ಹೆಚ್ಚು ಋಣ ನಡುವಿನ ಅಧ್ಯಾಯಕ್ಕೆ. ಗೋಲಿಬಾರಿನ ಒಂದು ರಾತ್ರಿ ಅವನನ್ನು ಬದಲಿಸಿತೆಂದು ಬರೆದಿದ್ದೆವು. ಓದಿದ ಯಾರೂ ಒಪ್ಪಲಿಲ್ಲ, ಒಪ್ಪದಿದ್ದದ್ದೇ ಸರಿ. ಭೂಸುಧಾರಣೆಯ ಕಾಯಿದೆ 1961ರದು, ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿಗೆಂದು ಒಡೆಯ ಜಮೀನು ವಾಪಸು ಕೇಳುವ ದಾರಿಯೂ ಅದರೊಳಗೇ ಇತ್ತು. 1962ರಲ್ಲಿ ಗೆದ್ದ ನಮ್ಮ ಶಾಸಕ ಈಗ ಅಧಿವೇಶನದಿಂದ ಅಧಿವೇಶನಕ್ಕೆ ಒಂದೇ ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದದ್ದು) ಕೇಳುತ್ತಾನೆ: ಜಾರಿ ಎಂದು? ಉತ್ತರ ಬರುವಷ್ಟರಲ್ಲಿ ಕ್ಷೇತ್ರದ ಒಕ್ಕಲುಗಳು ‘ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ’ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಆಗಿರುತ್ತದೆ. 1967ರಲ್ಲಿ ಪಶ್ಚಿಮ ಬಂಗಾಳದ ನಕ್ಸಲ್‌ಬಾರಿಯಲ್ಲಿ ರೈತರು ದಂಗೆಯೆದ್ದ ಸುದ್ದಿ ಬಂದಾಗ ಅವನಲ್ಲಿ ಬಾಕಿ ಉಳಿದಿದ್ದ ನಂಬಿಕೆ ಅಷ್ಟಕ್ಕಷ್ಟೆ. ಆ ದಂಗೆಯ ದಾರಿ ಹಿಡಿದು 1969ರ ಏಪ್ರಿಲ್ 22ರಂದು ಹುಟ್ಟಿದ ಕಮ್ಯುನಿಸ್ಟ್ ಪಕ್ಷ ಸಿಪಿಐ (ಎಂಎಲ್) ಚುನಾವಣೆಯನ್ನೇ ಬಹಿಷ್ಕರಿಸಿತು. ಅತ್ತ ಹೋಗುವವನು ಸ್ಥಾನ ಇಟ್ಟುಕೊಳ್ಳುವಂತಿರಲಿಲ್ಲ.

ಸ್ಥಾನ ಬಿಡುವುದು ಹೇಗೆ ಎಂಬಲ್ಲಿ ವಕೀಲರೊಬ್ಬರು ಕೈಹಿಡಿದರು. ಅರವತ್ತು ದಿನ ಬಾರದಿದ್ದರೆ ಸ್ಥಾನ ತಾನೇ ಹೋಗುತ್ತದೆಂದು ನಂಬಿದ್ದೆವು. 190ನೇ ವಿಧಿ ಹಾಗೆ ಹೇಳುವುದಿಲ್ಲ. ಅನುಮತಿಯಿಲ್ಲದೆ ಅರವತ್ತು ದಿನ ಗೈರಾದರೆ ಸ್ಥಾನ ತೆರವೆಂದು ಸದನ ಘೋಷಿಸಬಹುದು, ಅಷ್ಟೆ. ಅಧಿವೇಶನ ಮುಗಿದಿದ್ದ ದಿನಗಳನ್ನೂ ನಾಲ್ಕು ದಿನಕ್ಕಿಂತ ಹೆಚ್ಚು ಸತತವಾಗಿ ಮುಂದೂಡಿದ ಅವಧಿಯನ್ನೂ ಅದರಲ್ಲಿ ಎಣಿಸುವುದಿಲ್ಲ. ಕಾಡು ಸೇರಿದ ಎರಡು ತಿಂಗಳಿಗೆ ಸ್ಥಾನ ಹೋಗುವ ಮಾತೇ ಇಲ್ಲ. ಅದಕ್ಕೇ ಅವನು ಸಭಾಧ್ಯಕ್ಷರಿಗೆ ಸ್ವಹಸ್ತದಲ್ಲಿ ರಾಜೀನಾಮೆ ಬರೆಯುತ್ತಾನೆ. ‘ಇದು ನಿಮ್ಮ ಸ್ವಂತ ಇಚ್ಛೆಯೇ?’ ಎಂದು ಸಭಾಧ್ಯಕ್ಷರು ಕರೆಸಿ ಕೇಳುವ ದೃಶ್ಯ ನಮಗೆ ಪ್ರಿಯವಾಗಿತ್ತು, ಆದರೂ ತೆಗೆದೆವು. ಆ ವಿಚಾರಣೆ, ಅಂಗೀಕಾರ ಎಲ್ಲ 1974ರ 33ನೇ ತಿದ್ದುಪಡಿಯಿಂದ ಬಂದದ್ದು. 1969ರಲ್ಲಿ ಪತ್ರವೇ ಸಾಕಿತ್ತು.

ರಾಜ್ಯದ ಹೆಸರು 1973ರ ನವೆಂಬರ್ 1ರವರೆಗೆ ಮೈಸೂರು ಎಂದು ನೆನಪಿಸಿದವರಿಗೂ, 1977ರ ಮಾರ್ಚಿನದು ಲೋಕಸಭೆ ಚುನಾವಣೆ, ಇಲ್ಲಿ ವಿಧಾನಸಭೆಗೆ ಮತ ಬಿದ್ದದ್ದು 1978ರಲ್ಲಿ ಎಂದವರಿಗೂ ವಂದನೆ.

1969ರಿಂದ ನೇರ ತುರ್ತುಪರಿಸ್ಥಿತಿಗೆ ಹಾರಿದ್ದೆವು. ನಿವೃತ್ತ ಶಿರಸ್ತೇದಾರರೊಬ್ಬರು ‘1974 ಬಿಟ್ಟರೆ ಅವನ ಬದುಕೇ ಬಿಟ್ಟಂತೆ’ ಎಂದು ತಡೆದರು. ಆ ವರ್ಷದ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಒಕ್ಕಲು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ಹಕ್ಕು ತೋರಿಸಬೇಕಿತ್ತು. ಕೊನೆಯ ದಿನ ಮುಂದಕ್ಕೆ ಹೋಗುತ್ತ 1979ರ ಜೂನ್ 30ಕ್ಕೆ ನಿಂತಿತು. ಅವನು ನಂಬದೆ ಬಿಟ್ಟುಬಂದ ವಿಧಾನಸಭೆಯೇ ಭೂಸುಧಾರಣೆ ಕಾಯಿದೆಗೆ ಈ ತಿದ್ದುಪಡಿ ತಂದಿತ್ತು. ಅವನ ತಮ್ಮ ಅದೇ ನಮೂನೆ ತುಂಬುತ್ತಾನೆ. ಎಲ್ಲೆಲ್ಲಿ ಕೆಡುತ್ತದೆಂದು ಶಿರಸ್ತೇದಾರರು ಸಾಲಾಗಿ ಬರೆದು ಕಳಿಸಿದರು. ಪಹಣಿಯ ಸಾಗುವಳಿದಾರರ ಕಲಮಿನಲ್ಲಿ ಒಡೆಯನ ಹೆಸರೇ ಇರುತ್ತದೆ. ಸರ್ವೆ ನಂಬರಿನ ಒಂದು ಅಂಕಿ ತಪ್ಪಿರುತ್ತದೆ, ಗುಂಟೆ ಲೆಕ್ಕ ಕೂಡುವುದಿಲ್ಲ. ಅಣ್ಣನೊಬ್ಬನ ಹೆಸರಿನಲ್ಲಿ ಅರ್ಜಿ ಹೋಗಿ ತಮ್ಮಂದಿರಿಗೆ ಪಾಲಿಲ್ಲವಾಗುತ್ತದೆ. ಬತ್ತ ಅಳೆದುಕೊಟ್ಟದ್ದಕ್ಕೆ ಚೀಟಿಯೇ ಇರುವುದಿಲ್ಲ.

ಚೀಟಿಯಿಲ್ಲದ ತಮ್ಮ ಗೇಣಿಯನ್ನು ಸಾಬೀತು ಮಾಡುವುದು ಹೇಗೆ? ಆ ಪುಟ ಖಾಲಿ ಉಳಿದಿತ್ತು. ಕೊಳಗದ ವಿಷಯ ಹೇಳಿದ ಅದೇ ರೈತರು ಒಂದು ಸಾಲು ಬರೆದು ಕಳಿಸಿದರು: ‘ಪಕ್ಕದ ಗದ್ದೆಯವನನ್ನು ಕರೆಸಿ, ಯಾರ ಕಣದಲ್ಲಿ ಯಾವ ಕೊಳಗದಲ್ಲಿ ಅಳೆದರು ಅಂತ ಕೇಳಿಸಿ.’ ನಮ್ಮ ಕೊನೆಯ ಅಧ್ಯಾಯ ಈಗ ಆ ಸಾಕ್ಷಿಯ ಹೇಳಿಕೆಯಿಂದಲೇ ಶುರುವಾಗುತ್ತದೆ. ಮೊದಲ ಪ್ರತಿ ಆ ಹಿರಿಯರ ಮನೆಗೇ ಹೋಗುತ್ತದೆ.