ಸೇಜ್ ಬೀಜ ತರಿಸುವ ಮುನ್ನ ದವನ ನೋಡಿ

ಮಾನ್ಯರೇ,

‘ನೀರೇ ಬೇಡದ ಸುಗಂಧ ಬೆಳೆ’ ಎಂಬ ಮಾತು ನಂಬಿ ಆನ್‌ಲೈನ್‌ನಲ್ಲಿ ‘ಪ್ರೇರಿ ಸೇಜ್’ ಬೀಜ ತರಿಸಲು ಹೊರಟ ಚಳ್ಳಕೆರೆ, ಹಿರಿಯೂರು ಸೀಮೆಯ ರೈತರು ಸ್ವಲ್ಪ ತಡೆಯಬೇಕು. ಅದರ ಶಾಸ್ತ್ರೀಯ ಹೆಸರು ಆರ್ಟಿಮೀಸಿಯಾ ಫ್ರಿಜಿಡಾ. ಫ್ರಿಜಿಡಾ ಎಂದರೆ ಲ್ಯಾಟಿನ್‌ನಲ್ಲಿ ‘ತಣ್ಣನೆಯ’ ಎಂದರ್ಥ. ಸೈಬೀರಿಯಾ, ಮಂಗೋಲಿಯಾ, ಕೆನಡಾದ ಒಣ ಹುಲ್ಲುಗಾವಲುಗಳು ಅದರ ತವರು. ಚಳಿಗಾಲ ಕಳೆದ ಮೇಲೆ ಗಟ್ಟಿಯಾದ ಬುಡದಿಂದ ಮತ್ತೆ ಚಿಗುರುವ ಬಹುವಾರ್ಷಿಕ ಗಿಡವದು. ಅಲ್ಲಿನ ಬರ ಹಿಮದ ಜೊತೆ ಬರುತ್ತದೆ, ನಮ್ಮದು ಬಿಸಿಲಿನ ಜೊತೆ. ಗೊತ್ತಿಲ್ಲದ ಬೀಜಕ್ಕೆ ದುಡ್ಡು ಸುರಿಯುವ ಬದಲು ಅದೇ ಕುಲದ ನಮ್ಮ ದವನವನ್ನೇ ಬೆಳೆಯಬಹುದು.

ಆದರೆ ದವನವೂ ಮಳೆಯನ್ನೇ ನಂಬಿ ಬೆಳೆಯುವ ಖುಷ್ಕಿ ಬೆಳೆಯಲ್ಲ, ಬಹುವಾರ್ಷಿಕವೂ ಅಲ್ಲ. ಬೋರ್‌ವೆಲ್‌ನಲ್ಲಿ ನೀರಿದ್ದರೆ ಮಾತ್ರ ಕೈಹಾಕಿ. ಎಕರೆಗೆ ಸುಮಾರು 600 ಗ್ರಾಂ ಬೀಜ ಬೇಕು. ಹೆಚ್ಚಿನವರು ಸೋಲುವುದು ಬೀಜದಲ್ಲೇ: ಹಳೆಯ ಬೀಜ ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತದೆ, ಹಿಂದಿನ ಬೆಳೆಯದ್ದೇ ಆಗಬೇಕು. ಬೀಜ ಧೂಳಿನಷ್ಟು ಸಣ್ಣದು. ಸಣ್ಣ ಮರಳಿನಲ್ಲಿ ಕಲಸಿ, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಟ್ಟು, ಸಸಿಮಡಿಯ ಮೇಲೆ ತೆಳ್ಳಗೆ ಚೆಲ್ಲಬೇಕು. ಮಣ್ಣು ದಪ್ಪಗೆ ಮುಚ್ಚಿದರೆ ಮೊಳಕೆ ಮೇಲೇಳುವುದಿಲ್ಲ. ಪೈಪಿನಿಂದ ನೀರು ಬಿಟ್ಟರೆ ಬೀಜವೆಲ್ಲ ಕೊಚ್ಚಿಹೋಗಿ ಮೂಲೆ ಸೇರುತ್ತದೆ, ತೂತುಮೂತಿಯ ನೀರಿನ ಡಬ್ಬಿಯಲ್ಲೇ (ರೋಸ್‌ಕ್ಯಾನ್) ಹಾಕಿ. ಒತ್ತಾಗಿ ಚೆಲ್ಲಿ ಮಡಿಯನ್ನು ಸದಾ ಕೆಸರಾಗಿಟ್ಟರೆ ಸಸಿಗಳು ಬುಡ ಕೊಳೆತು ಸಾಲುಸಾಲಾಗಿ ಮಲಗುತ್ತವೆ.

ಆರೇಳು ವಾರದ ಸಸಿಯನ್ನು ಸಾಲಿನಿಂದ ಸಾಲಿಗೆ 15 ಸೆಂ.ಮೀ., ಗಿಡದಿಂದ ಗಿಡಕ್ಕೆ 7.5 ಸೆಂ.ಮೀ. ಬಿಟ್ಟು ನೆಡಬೇಕು. ಬಿತ್ತನೆಯಿಂದ ಕೊಯ್ಲಿಗೆ ಸುಮಾರು ನಾಲ್ಕು ತಿಂಗಳು. ಚೈತ್ರದ ದವನದ ಹುಣ್ಣಿಮೆಗೆ ಸೊಪ್ಪು ಕೈಗೆ ಸಿಗಬೇಕೆಂದರೆ ಬಿತ್ತನೆ ನವೆಂಬರ್ ದಾಟಬಾರದು. ಇದಕ್ಕೆ ಚಳಿಗಾಲದ ಇಬ್ಬನಿ, ತಂಪು ಬೇಕು; ತಡವಾದರೆ ಬೇಸಿಗೆಯ ಝಳಕ್ಕೆ ಸಿಕ್ಕಿ ಗಿಡ ಬೆಳೆಯದೆ ಉಳಿಯುತ್ತದೆ.

ಸೊಪ್ಪಿಗಲ್ಲದೆ ಸುಗಂಧದ ಎಣ್ಣೆಗಾದರೆ ಗಿಡವೆಲ್ಲ ಹೂ ತುಂಬಿದಾಗಲೇ ಕೊಯ್ಯಬೇಕು, ನೆರಳಲ್ಲಿ ಬಾಡಿಸಿ ಎಣ್ಣೆ ತೆಗೆಯುವ ಭಟ್ಟಿಗೆ ಹಾಕಬೇಕು. ಹೂಬಿಡುವಾಗ ಮಳೆ ಬಿದ್ದರೆ ಎಣ್ಣೆ ಕಡಿಮೆಯಾಗುತ್ತದೆ. ಚೆನ್ನಾಗಿ ಬಂದ ಬೆಳೆಯಲ್ಲೂ ಎಕರೆಗೆ ಸಿಗುವ ಎಣ್ಣೆ ನಾಲ್ಕೈದು ಕಿಲೋ ಅಷ್ಟೇ. ಆದ್ದರಿಂದ ಹತ್ತಿರದಲ್ಲಿ ಭಟ್ಟಿ ಇಲ್ಲದವರು ಎಣ್ಣೆಯ ಆಸೆ ಬಿಟ್ಟು, ಮೊದಲ ವರ್ಷ ಐದು ಗುಂಟೆಯಲ್ಲಿ ಹಾಕಿ, ದಾವಣಗೆರೆ, ಚಿತ್ರದುರ್ಗದ ಹೂವಿನ ಮಾರುಕಟ್ಟೆಗೆ ಸೊಪ್ಪನ್ನು ಕಟ್ಟು ಕಟ್ಟಿ ಕಳಿಸಲಿ.

– ಓದುಗರು, ಚಿತ್ರದುರ್ಗ