ಬಿಳೇ ಪುಡಿಯನ್ನು ಇನ್ನು ಕಾಗದದಲ್ಲಿ ಕಟ್ಟಿ ಕೊಡುವುದಿಲ್ಲ

ಶಿರಸಿ
ಯುಗಾದಿಯ ಹಿಂದಿನ ವಾರ

ನಮ್ಮ ಅಂಗಡಿಗೆ ಬರುವ ಎಲ್ಲ ಅಕ್ಕಂದಿರಿಗೆ, ಅಣ್ಣಂದಿರಿಗೆ ನಮಸ್ಕಾರ.

ಮುರುಗಲು, ಅಂದರೆ ಕೋಕಂ, ಹಣ್ಣಾಗುವ ಕಾಲ ಹತ್ತಿರ ಬಂತು. ಜಾಡಿ, ಸೀಸೆ, ಬಿರಡೆ, ಸೋಸುವ ಬಟ್ಟೆ ಎಲ್ಲವೂ ಎಂದಿನಂತೆ ಸಿಗುತ್ತವೆ. ಬದಲಾಗುತ್ತಿರುವುದು ಒಂದೇ. ಸಿರಪ್ ಕೆಡದಿರಲೆಂದು ಹಾಕುವ ಪುಡಿಯನ್ನು ಡಬ್ಬದಿಂದ ತೆಗೆದು ಪೊಟ್ಟಣ ಕಟ್ಟಿ ಕೊಡುತ್ತಿದ್ದೆವಲ್ಲ, ಅದನ್ನು ಯುಗಾದಿಯಿಂದ ನಿಲ್ಲಿಸುತ್ತೇವೆ. ಇನ್ನು ತೂಗಿ, ಹೆಸರು ಬರೆದು, ಅಂಟಿಸಿದ ಪ್ಯಾಕೆಟ್ ಮಾತ್ರ.

ಕಾರಣವನ್ನು ಮುಚ್ಚಿಡುವುದಿಲ್ಲ. ಹೋದ ಮೇ ತಿಂಗಳಲ್ಲಿ ಬಹಳ ವರ್ಷದ ಪರಿಚಯದ ಅಕ್ಕ ಒಬ್ಬರು ಫೋನ್ ಮಾಡಿದರು. ಮುರುಗಲು ಸಿರಪ್ಪಿನ ಕೆಂಪೆಲ್ಲ ಹೋಗಿದೆ, ಮುಚ್ಚಳ ತೆಗೆದರೆ ಬೆಂಕಿಕಡ್ಡಿ ಗೀರಿದ ವಾಸನೆ ಎಂದರು. ಅವರ ಅತ್ತೆಗೆ ಮೊದಲೇ ದಮ್ಮು. ಒಂದು ಲೋಟ ಕುಡಿದ ಮೇಲೆ ಉಸಿರು ಕಟ್ಟಿ, ರಾತ್ರಿಯೇ ಆಸ್ಪತ್ರೆಗೆ ಒಯ್ಯಬೇಕಾಯಿತು. ಈಗ ಹುಷಾರಾಗಿದ್ದಾರೆ. ಪೊಟ್ಟಣ ತರಿಸಿ ಪರೀಕ್ಷಿಸಿದರೆ ಅದರಲ್ಲಿದ್ದದ್ದು ಕೆಎಂಎಸ್, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಕೊಡಬೇಕಾಗಿದ್ದದ್ದು ಸೋಡಿಯಂ ಬೆಂಜೋಯೇಟ್. ಎರಡೂ ಬಿಳೇ ಪುಡಿ, ಎರಡೂ ಹೆಸರಿಲ್ಲದ ಕಾಗದದಲ್ಲಿ. ಎಷ್ಟು ಹಾಕಬೇಕೆಂದೂ ನಾವು ಹೇಳಿರಲಿಲ್ಲ. ಅವರು ಉಪ್ಪು ಹಾಕಿದಂತೆ ಚಮಚದಲ್ಲಿ ಹಾಕಿದ್ದರು. ತಪ್ಪು ಅವರದ್ದಲ್ಲ, ನಮ್ಮದು. ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆವು. ನಿಮಗೂ ಹೇಳುವುದು ನ್ಯಾಯ.

ಕೆಎಂಎಸ್ ಹುಳಿ ರಸದಲ್ಲಿ ಬಿದ್ದೊಡನೆ ಗಂಧಕದ ಡೈಆಕ್ಸೈಡ್ ಬಿಡುತ್ತದೆ. ಬೂಷ್ಟನ್ನೂ ನೊರೆ ಬರಿಸುವ ಯೀಸ್ಟನ್ನೂ ತಡೆಯುವುದು ಅದೇ, ಹಣ್ಣಿನ ಕೆಂಪನ್ನು ತೊಳೆಯುವುದೂ ಅದೇ. ಆದ್ದರಿಂದ ಲಿಂಬೆ, ಮಾವು, ಅನಾನಸಿಗೆ ಕೆಎಂಎಸ್. ಮುರುಗಲು, ನೇರಳೆಯಂಥ ಬಣ್ಣದ ಹಣ್ಣಿಗೆ ಬೆಂಜೋಯೇಟ್. ಹಳದಿ ಚೀಟಿಯ ಪ್ಯಾಕೆಟ್ಟಿನಲ್ಲಿ 6 ಗ್ರಾಂ ಕೆಎಂಎಸ್ ಇರುತ್ತದೆ, ಕೆಂಪು ಚೀಟಿಯದರಲ್ಲಿ 7 ಗ್ರಾಂ ಬೆಂಜೋಯೇಟ್. ಒಂದೊಂದು ಪ್ಯಾಕೆಟ್ 10 ಕಿಲೋ ಸಿರಪ್ಪಿಗೆ, ಅದಕ್ಕಿಂತ ಹೆಚ್ಚು ಬೇಡ. ಸಿರಪ್ ಪೂರ್ತಿ ಆರಿದ ಮೇಲೆ, ಸ್ವಲ್ಪ ನೀರಿನಲ್ಲಿ ಕರಗಿಸಿ ಬೆರೆಸಿ. ಬಿಸಿಯಲ್ಲಿ ಹಾಕಿದರೆ ಗಂಧಕದ ಗಾಳಿ ಹಾರಿಹೋಗುತ್ತದೆ, ಹಾಕಿದ್ದೂ ವ್ಯರ್ಥ. ಮನೆಯಲ್ಲಿ ದಮ್ಮಿನವರಿದ್ದರೆ ಹಳದಿ ಚೀಟಿಯದನ್ನು ಒಯ್ಯಲೇಬೇಡಿ.

ಮುರುಗಲು ಸಿಪ್ಪೆಗೆ ಎರಡರಷ್ಟು ಸಕ್ಕರೆ ಹಾಕಿ, ಪದರ ಪದರವಾಗಿ ಜಾಡಿಗೆ ತುಂಬಿ ಬಿಸಿಲಿಗಿಟ್ಟು ರಸ ಇಳಿಸುವವರಿಗೆ ಈ ಪುಡಿಯ ಅಗತ್ಯ ಕಡಿಮೆ. ಅಷ್ಟು ಸಕ್ಕರೆಯಲ್ಲಿ ಯೀಸ್ಟ್ ಬದುಕುವುದು ಕಷ್ಟ. ನೊರೆ ಎದ್ದು ಬಿರಡೆ ಹಾರುವುದು ಹೆಚ್ಚಾಗಿ ಸಕ್ಕರೆಗೆ ಕೈ ಹಿಡಿದ ಮನೆಗಳಲ್ಲಿ, ಇಲ್ಲವೇ ಒದ್ದೆ ಸೌಟು ಅದ್ದಿದ ಜಾಡಿಗಳಲ್ಲಿ. ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿಗಂತೂ ಯಾವ ಪುಡಿಯೂ ಬೇಡ, ಉಪ್ಪೇ ಸಾಕು. ಇದನ್ನು ಹೇಳಿದರೆ ನಮ್ಮ ವ್ಯಾಪಾರ ಕಡಿಮೆಯಾಗುತ್ತದೆಂದು ಗೊತ್ತು. ಆಗಲಿ.

ಇದನ್ನೆಲ್ಲ ಹೇಳಲು ನೀವು ಯಾರು ಎಂದು ಹೊಸಬರು ಕೇಳಬಹುದು. ಅಂಗಡಿ ನಮ್ಮ ಮಾವನವರದ್ದು. ಕಾರವಾರದವರು. ಹಳೇ ಸೀಸೆ ಕೊಂಡು, ತೊಳೆದು, ದೇವಿಮನೆ ಘಟ್ಟ ಹತ್ತಿಸಿ ಇಲ್ಲಿ ತಂದು ಮಾರಿ ಬದುಕು ಕಟ್ಟಿದರು. ಸೀಸೆಯನ್ನು ಬೆಳಕಿಗೆ ಹಿಡಿದು ನೋಡದೆ ಇವತ್ತಿಗೂ ಯಾರಿಗೂ ಕೊಡುವುದಿಲ್ಲ. ನನ್ನ ಯಜಮಾನರು ಗೋವಾದಲ್ಲಿ ಸೀಸೆಗೆ ಪಾನೀಯ ತುಂಬುವ ಕಾರ್ಖಾನೆಯಲ್ಲಿ ಎಂಟು ವರ್ಷ ದುಡಿದು ಬಂದವರು. ನನ್ನ ತವರು ಸಿದ್ದಾಪುರದ ಕಡೆ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಮದುವೆಗೆ ಮುಂಚೆ ಹಣ್ಣಿನ ರಸದ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿದ್ದೆ. ಅಲ್ಲಿ ಅರ್ಧ ಗ್ರಾಂ ಹೆಚ್ಚಾದರೂ ಇಡೀ ಡ್ರಮ್ ಚೆಲ್ಲಿಸುತ್ತಿದ್ದರು. ಅದನ್ನು ಕಣ್ಣಾರೆ ಕಂಡವಳು, ನಮ್ಮ ಅಂಗಡಿಯಲ್ಲಿ "ತಂಗೀ, ಆ ಬಿಳೇ ಪುಡಿ ಸ್ವಲ್ಪ ಕೊಡು" ಎಂದವರಿಗೆಲ್ಲ ಕಣ್ಣಂದಾಜಿನಲ್ಲಿ ಹಾಕಿ ಕೊಡುವುದನ್ನು ಇಷ್ಟು ವರ್ಷ ಸುಮ್ಮನೆ ನೋಡಿಕೊಂಡಿದ್ದೆ. ಆ ಅಕ್ಕನ ಫೋನ್ ಬಂದಾಗಿನಿಂದ ಅದು ಮನಸ್ಸಿನಿಂದ ಹೋಗಿಲ್ಲ. ಈಗ ಪ್ರತಿ ಪ್ಯಾಕೆಟ್ಟನ್ನೂ ನಾನೇ ತೂಗುತ್ತೇನೆ, ಯಜಮಾನರು ಮತ್ತೊಮ್ಮೆ ತೂಗಿ ಅಂಟಿಸುತ್ತಾರೆ.

ಯಜಮಾನರು ಗೋವಾದಲ್ಲಿದ್ದವರೆಂದು ಕೆಲವರು ಗೇರುಹಣ್ಣಿನಿಂದ ಫೆನಿ ಇಳಿಸುವ, ಮನೆಯಲ್ಲೇ ಬಿಯರ್ ಮಾಡುವ ಸಾಮಾನು ಕೇಳುತ್ತಾರೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ನಮ್ಮಲ್ಲಿರುವ ಯೀಸ್ಟ್ ಬ್ರೆಡ್ಡಿಗೆ. ದಯವಿಟ್ಟು ಒತ್ತಾಯಿಸಬೇಡಿ.

ಪ್ಯಾಕೆಟ್ಟಿನ ಬೆಲೆ ಪೊಟ್ಟಣಕ್ಕಿಂತ ಸ್ವಲ್ಪ ಹೆಚ್ಚು. ಕವರು, ಚೀಟಿಯ ಖರ್ಚು ಮಾತ್ರ ಸೇರಿಸಿದ್ದೇವೆ, ತೂಗಿದ ಕೂಲಿ ಹಿಡಿದಿಲ್ಲ.

ಕೊನೆಗೆ ಒಂದು ವಿನಂತಿ. ನಿಮ್ಮ ಅಡುಗೆಮನೆಯ ಕಪಾಟಿನಲ್ಲಿ ನಮ್ಮ ಹಳೇ ಪೊಟ್ಟಣ ಉಳಿದಿದ್ದರೆ ಬಳಸಬೇಡಿ. ಯಾವುದು ಯಾವ ಪುಡಿಯೆಂದು ಬರೀ ಕಣ್ಣಲ್ಲಿ ನೋಡಿ ಹೇಳಲು ನಮಗೂ ಆಗುವುದಿಲ್ಲ. ಅಂಗಡಿಗೆ ತನ್ನಿ, ಎಷ್ಟೇ ಉಳಿದಿರಲಿ, ಬದಲಿಗೆ ಹೊಸ ಪ್ಯಾಕೆಟ್ ಕೊಡುತ್ತೇವೆ, ದುಡ್ಡು ಬೇಡ. ಬರಲಾಗದ ಹಿರಿಯರು ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದರೂ ಆಯಿತು.

ಇಂತು ನಿಮ್ಮ,
ಸೀಸೆ ಅಂಗಡಿಯ ಸೊಸೆ, ಮನೆಯವರೆಲ್ಲರ ಪರವಾಗಿ